ತುಕ್ಕು ಬ್ಯಾಂಡಿನ ಅಳುವ ಭಾವ

ನನ್ನ ಅಕ್ಕ ತೀರಿಕೊಂಡ ಸುದ್ದಿಯನ್ನು ನನಗೆ ಮೊಟ್ಟಮೊದಲು ಹೇಳಿದವಳು ನನ್ನ ಅಕ್ಕನೇ.

ಅವತ್ತು ಭಾನುವಾರ. ನನ್ನ ಮನೆಯ ಊಟದ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅವಳು ಐದನೇ ಪುಟದ ಒಂದು ಸುದ್ದಿಯನ್ನು ಎರಡು ಸಲ ಓದಿದಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಅಕ್ಕ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಹತ್ತೊಂಬತ್ತು ವರ್ಷದಿಂದ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಿರುವವಳು. ಯಾವುದನ್ನೇ ಆಗಲಿ ಒಂದು ಸಲ ನೋಡಿದರೆ ಅವಳಿಗೆ ಸಾಕು. ಎರಡನೇ ಸಲ ನೋಡಿದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ನಾನು ಹೋಗಿ ಮೂರು ತಿಂಗಳಾಯ್ತಂತೆ ಕಣೋ," ಎಂದಳು.

"ಎಲ್ಲಿಗೆ?"

"ಮೇಲಕ್ಕೆ."

ಪತ್ರಿಕೆಯನ್ನು ನನ್ನ ಕಡೆ ತಳ್ಳಿದಳು. 'ಅಗಲಿದ ಮಡದಿಗಾಗಿ ಮಿಡಿಯುವ ಡ್ರಮ್' ಎಂಬ ದಪ್ಪಕ್ಷರದ ತಲೆಬರಹ. ಕೆಳಗೆ ನಮ್ಮ ಭಾವನ ಫೋಟೋ. ಎರಡೂ ಕೋಲುಗಳು ಗಾಳಿಯಲ್ಲಿ, ಕಣ್ಣು ಮುಚ್ಚಿದೆ, ಕಣ್ಣೀರು ಕೆನ್ನೆಯಿಂದ ಇಳಿದು ಗಲ್ಲದ ತುದಿಯಲ್ಲಿ ತೂಗುತ್ತಿದೆ. ಮೂರು ತಿಂಗಳ ಹಿಂದೆ ಪತ್ನಿಯನ್ನು ಕಳೆದುಕೊಂಡ ಈ ಕಲಾವಿದ ಪ್ರತಿ ಪೆಟ್ಟಿನಲ್ಲೂ ಅವಳನ್ನೇ ಕರೆಯುತ್ತಾನೆ ಎಂದು ವರದಿಗಾರ ಬರೆದಿದ್ದ. ಮೂರು ತಿಂಗಳ ಹಿಂದೆ ಅಕ್ಕ ಹೋದದ್ದು ನಿಜ. ವರ್ಗಾವಣೆಯ ಮೇಲೆ ಎರಡೂವರೆ ಗಂಟೆಯ ರೈಲು ಪ್ರಯಾಣದಷ್ಟು ದೂರದ ನಮ್ಮ ಊರಿಗೆ ಬಂದು, ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ಎರಡು ಸೂಟ್‌ಕೇಸ್, ಒಂದು ಇಸ್ತ್ರಿಪೆಟ್ಟಿಗೆ ಸಮೇತ ಬದುಕಿದ್ದಳು.

ಇಲ್ಲಿ ಭಾವನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರ ಕಸುಬು ಕಟ್ಟುಹಲ್ಲು ಮಾಡುವುದು. ವೈದ್ಯರಲ್ಲ, ವೈದ್ಯರು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ನೆಲಮಾಳಿಗೆಯ ಒಂದು ಕೋಣೆಯಲ್ಲಿ ಕೂತು ಮೇಣ ಸುರಿದು, ಗುಲಾಬಿ ಒಸಡು ಕೂರಿಸಿ, ಹಲ್ಲು ಜೋಡಿಸುವವರು. ಸುತ್ತ ನಾಲ್ಕು ಗೋಡೆಗೂ ಪ್ಲಾಸ್ಟರಿನ ದವಡೆಗಳು. ಬೆಳಗಿನಿಂದ ಸಂಜೆಯವರೆಗೆ ಅಷ್ಟೊಂದು ಬಾಯಿಗಳ ಮಧ್ಯೆ ಇದ್ದರೂ ಒಂದೂ ಮಾತಾಡುವುದಿಲ್ಲ. ಆ ಬೇಸರಕ್ಕೋ ಏನೋ, ಕೆಲಸದ ಚಮಚದಿಂದ ದವಡೆಗಳ ಮೇಲೆ ತಾಳ ಹಾಕುವ ಅಭ್ಯಾಸ ಅವರಿಗೆ ಬೆಳೆದಿತ್ತು.

ಒಂದು ದಿನ ಮುಂದಿನ ಹಲ್ಲು ಮುರಿದುಕೊಂಡ ಒಬ್ಬಾತ ಆ ಕೋಣೆಗೆ ಇಳಿದು ಬಂದ. ಆತನ ಹೆಸರು ಎಲ್ಲರ ಬಾಯಲ್ಲೂ 'ಗಂಟಲು'. ಹಗಲು ಹೊತ್ತು ಬಸ್‌ ನಿಲ್ದಾಣದಲ್ಲಿ "ದಯವಿಟ್ಟು ಪ್ರಯಾಣಿಕರು ಗಮನಿಸಿ" ಎಂದು ಜೇನು ಸವರಿದಂತೆ ಪ್ರಕಟಣೆ ಹೇಳುವ ಕೆಲಸ. ಸಂಜೆಯಾದರೆ 'ತುಕ್ಕು' ಎಂಬ ಹಾರ್ಡ್ ರಾಕ್ ಬ್ಯಾಂಡಿನಲ್ಲಿ, ಹಗಲೆಲ್ಲ ನುಂಗಿಕೊಂಡದ್ದನ್ನು ಕಕ್ಕುವಂತೆ ಕಿರುಚುತ್ತಿದ್ದ. ಹಲ್ಲು ಮುರಿದದ್ದು ಮೈಕಿಗೆ ಬಡಿದು. ಭಾವನ ಚಮಚದ ತಾಳವನ್ನು ಐದು ನಿಮಿಷ ಕೇಳಿಸಿಕೊಂಡು, ತೊದಲುತ್ತಾ, "ಡ್ರಮ್ ಬಾರಿಸ್ತೀರಾ?" ಎಂದು ಕೇಳಿದ.

ಕೇಳಲು ಕಾರಣವಿತ್ತು. ಐದು ವರ್ಷದಲ್ಲಿ ನಾಲ್ವರು ಡ್ರಮ್ಮರುಗಳು ತುಕ್ಕನ್ನು ಬಿಟ್ಟು ಹೋಗಿದ್ದರು. ಒಬ್ಬನಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ಕಡೆಯವರು ಒಂದೇ ಒಂದು ಸಲ ಕೇಳಿಸಿಕೊಂಡು, ಬ್ಯಾಂಡೋ ಹುಡುಗಿಯೋ ಎಂದಿದ್ದರು. ಇನ್ನೊಬ್ಬನಿಗೆ ಕಿವಿ ಹೋಗಿತ್ತು, ಆದರೂ ಎಂಟು ತಿಂಗಳು ಯಾರಿಗೂ ಗೊತ್ತಾಗಿರಲಿಲ್ಲ. ಉಳಿದಿಬ್ಬರು ಒಬ್ಬರಾದ ಮೇಲೊಬ್ಬರು ಹೇಳದೆ ಕೇಳದೆ ಓಡಿದ್ದರು. ಈಗ ಉಳಿದವರು ಗಂಟಲು, ಗಿಟಾರಿನ ವೆಲ್ಡರ್, ಬೇಸ್ ಗಿಟಾರಿನ ಒಬ್ಬ ವಿಮಾ ಏಜೆಂಟ್. ಅಭ್ಯಾಸ ನಡೆಯುತ್ತಿದ್ದುದು ಒಂದು ಹಾಸಿಗೆ ಅಂಗಡಿಯ ಗೋದಾಮಿನಲ್ಲಿ. ನಾಲ್ಕೂ ಕಡೆ ಹಾಸಿಗೆ ಪೇರಿಸಿದ್ದರಿಂದ ಸದ್ದು ಹೊರಗೆ ಹೋಗುತ್ತಿರಲಿಲ್ಲ. ಹಾಸಿಗೆ ಸಾಹುಕಾರ ತಾನೇ ಮ್ಯಾನೇಜರ್ ಎಂದುಕೊಂಡಿದ್ದ.

ನಲವತ್ಮೂರನೇ ವಯಸ್ಸಿನಲ್ಲಿ ಭಾವ ಬ್ಯಾಂಡು ಸೇರಿದರು. ಅಕ್ಕ ಬೇಡ ಅನ್ನಲಿಲ್ಲ. "ಮನೇಲಿ ಬಾರಿಸಬೇಡಿ, ಅಷ್ಟೇ," ಎಂದಿದ್ದಳು. ತೊಂದರೆ ಇದ್ದದ್ದು ಭಾವನ ಬಲಗಾಲಿನ ಹೆಬ್ಬೆರಳಿನಲ್ಲಿ. ಅಲ್ಲಿ ಗೌಟ್ ಎಂಬ ಕೀಲುಬಾವು. ದೊಡ್ಡ ಡ್ರಮ್ಮನ್ನು ಕೈಯಿಂದ ಬಾರಿಸುವುದಿಲ್ಲ, ಬಲಗಾಲಿನ ಪೆಡಲಿನಿಂದ ಬಾರಿಸುತ್ತಾರೆ ಎಂಬುದು ಅವರಿಗೆ ಗೊತ್ತಾದದ್ದು ಹೂಂ ಎಂದ ಮೇಲೆ. ಒಂದೊಂದು ಪೆಟ್ಟಿಗೂ ಜೀವ ಬಾಯಿಗೆ ಬರುತ್ತಿತ್ತು. ನೋಯುತ್ತದೆ ಎಂದರೆ ಐದನೇ ಡ್ರಮ್ಮರೂ ಓಡಿದ ಎಂದಾರೆಂಬ ಸಂಕೋಚಕ್ಕೆ ತುಟಿ ಕಚ್ಚಿ ಬಾರಿಸುತ್ತಿದ್ದರು. ತುಟಿ ಸುಮ್ಮನಿದ್ದರೂ ಕಣ್ಣು ಸುಮ್ಮನಿರಲಿಲ್ಲ.

ವರದಿಗಾರ ಬಂದದ್ದು ಮೂವತ್ತೊಂದು ಜನ ಕೂತಿದ್ದ ಒಂದು ಕಾರ್ಯಕ್ರಮಕ್ಕೆ. ಮುಗಿದ ಮೇಲೆ ಭಾವನ ಬಳಿ ಬಂದು ಏನೇನೋ ಕೇಳಿದ. ಎರಡು ಗಂಟೆ ಸ್ಪೀಕರಿನ ಪಕ್ಕ ಕೂತಿದ್ದ ಭಾವನ ಕಿವಿಯಲ್ಲಿ ಜೀರುಂಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಸಂಭಾಷಣೆಯನ್ನು ಭಾವನೇ ಆಮೇಲೆ ನನಗೆ ಒಪ್ಪಿಸಿದ್ದು ಹೀಗೆ:

"ಯಾರನ್ನ ನೆನೆಸಿಕೊಂಡು ಅಳ್ತೀರಿ?" ಎಂದು ಅವನು ಕೇಳಿದ್ದನಂತೆ. ಭಾವನಿಗೆ ಕೇಳಿಸಿದ್ದು, "ಮನೆಯವರು ಬಂದಿಲ್ವಾ?"

"ಇಲ್ಲ. ಅವಳು ಹೋದಳಲ್ಲ."

ವರದಿಗಾರ ಪೆನ್ನು ಕೆಳಗಿಳಿಸಿದ. "ಅಯ್ಯೋ. ಯಾವಾಗ?"

"ಮೂರು ತಿಂಗಳಾಯ್ತು. ದಿಢೀರಂತ ಆಯ್ತು. ಮೇಲಿನಿಂದ ಆರ್ಡರ್ ಬಂದ್ಮೇಲೆ ನಾವೇನು ಮಾಡೋಕಾಗುತ್ತೆ?"

ವರದಿಗಾರ ಭಾವನನ್ನು ತಬ್ಬಿಕೊಂಡ. ತಬ್ಬಿಕೊಳ್ಳುವಾಗ ಅವನ ಬೂಟು ಆ ಹೆಬ್ಬೆರಳಿನ ಮೇಲೆ ಬಿತ್ತು. ಭಾವ ಬಿಕ್ಕಿ ಬಿಕ್ಕಿ ಅತ್ತರು. ಫೋಟೋಗ್ರಾಫರ್ ಪಕ್ಕದಲ್ಲೇ ಇದ್ದ.

ಅಕ್ಕ ಆ ಭಾನುವಾರವೇ ಫೋನ್ ಮಾಡಿದಳು. "ತಪ್ಪಾಗಿ ಹಾಕಿದ್ದಾರೆ ಅಂತ ಹೇಳಿ ನಾಳೆನೇ ತಿದ್ದುಪಡಿ ಹಾಕಿಸಿ," ಎಂದಳು. ಭಾವ ಹೂಂಗುಟ್ಟಿದರು. ಮಾರನೇ ದಿನ ಪತ್ರಿಕೆ ಕಚೇರಿಗೆ ಹೋದದ್ದೂ ನಿಜ. ಸುದ್ದಿ ಸಂಪಾದಕರು ಕುರ್ಚಿಯಿಂದ ಎದ್ದು ನಿಂತು, ಎರಡೂ ಕೈ ಹಿಡಿದುಕೊಂಡು, ತಮ್ಮ ತಾಯಿ ಹೋದಾಗಿನ ಕಥೆ ಶುರುಮಾಡಿದರು. ಮುಕ್ಕಾಲು ಗಂಟೆ ಹೇಳಿದರು. ಕೊನೆಗೆ, "ನೀವು ಬಂದ ವಿಷಯ?" ಎಂದು ಕೇಳಿದಾಗ ಅವರ ಮೂಗು ಕೆಂಪಾಗಿತ್ತು. ಭಾವ, "ಫೋಟೋ ಚೆನ್ನಾಗಿ ಬಂದಿದೆ ಅಂತ ಹೇಳಿ ಹೋಗೋಣ ಅಂತ," ಎಂದು ಹೇಳಿ ಹೊರಬಿದ್ದರು.

ಆ ವಾರದ ಕಾರ್ಯಕ್ರಮಕ್ಕೆ ನಾನೂರು ಜನ ಬಂದರು.

"ಇದೊಂದು ಮುಗೀಲಿ, ಆಮೇಲೆ ಹೇಳೋಣ," ಎಂದ ಹಾಸಿಗೆ ಸಾಹುಕಾರ. ಅದು ಮುಗಿದ ಮೇಲೆ ಇನ್ನೊಂದಿತ್ತು. ಅದುವರೆಗೆ ಜ್ವಾಲಾಮುಖಿ, ತೋಳ, ಪ್ರಳಯ ಇವುಗಳನ್ನು ಬಿಟ್ಟು ಬೇರೆ ಬರೆಯದಿದ್ದ ಗಂಟಲು ಒಂದೇ ವಾರದಲ್ಲಿ ಅಕ್ಕನ ಮೇಲೆ ಒಂದು ಹಾಡು ಕಟ್ಟಿದ. 'ಖಾಲಿ ದಿಂಬು' ಎಂಬ ಶೀರ್ಷಿಕೆ ಸಾಹುಕಾರನ ಸಲಹೆ. 'ನಿನ್ನ ತಲೆಯ ತಗ್ಗು ಇನ್ನೂ ಇದೆ ದಿಂಬಿನಲಿ, ನನ್ನ ಎದೆಯ ತಗ್ಗು ಯಾರಿಗೆ ತೋರಲಿ' ಎಂದು ಗಂಟಲು ಕಿರುಚಿದಾಗ ಗಟ್ಟಿ ಗಟ್ಟಿ ಮನುಷ್ಯರು, ತೋಳಿನ ಮೇಲೆ ತಲೆಬುರುಡೆ ಹಚ್ಚೆ ಹಾಕಿಸಿಕೊಂಡವರು, ಗೊಳೋ ಎಂದು ಅತ್ತರು. ಹಾಡು ಆಟೋಗಳಲ್ಲಿ, ಸಲೂನುಗಳಲ್ಲಿ, ಕಾಲೇಜುಗಳ ಗೋಡೆಯ ಮೇಲೆ, ಎಲ್ಲೆಲ್ಲೂ ಹರಿದಾಡಿತು.

ನಾನು ಒಂದು ಶನಿವಾರ ಭಾವನ ಮನೆಗೆ ಹೋಗಿದ್ದೆ. ಅಕ್ಕನ ಚಳಿಗಾಲದ ಬಟ್ಟೆ ತರುವುದಿತ್ತು. ಮಹಡಿಯ ಮನೆಯ ಹೆಂಗಸು ಮೆಟ್ಟಿಲ ಮೇಲೇ ನನ್ನನ್ನು ಹಿಡಿದುಕೊಂಡಳು. ಬಟ್ಟೆ ಒಣಹಾಕುವ ತಂತಿಯ ವಿಷಯಕ್ಕೆ ಅಕ್ಕನ ಜೊತೆ ಆರು ವರ್ಷ ಮಾತು ಬಿಟ್ಟಿದ್ದವಳು.

"ಎಂಥಾ ಹೆಂಗಸಪ್ಪಾ ನಿಮ್ಮಕ್ಕ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಡೀ ತಂತಿ ನನಗೇ ಬಿಟ್ಟು ಹೋಗಿಬಿಟ್ರಲ್ಲ."

"ಅಮ್ಮಾ, ಅಕ್ಕ ಬದುಕಿದ್ದಾಳೆ," ಎಂದೆ.

ಅವಳು ನನ್ನ ತಲೆ ಸವರಿದಳು. "ಗೊತ್ತಪ್ಪಾ. ನಮ್ಮೆಲ್ಲರ ಮನಸ್ಸಲ್ಲಿ ಬದುಕಿದ್ದಾರೆ."

ನಾನು ಒಂದು ಗೋಣಿಚೀಲದ ತುಂಬ ಅಕ್ಕನ ಬಟ್ಟೆ ಹೊತ್ತು ಇಳಿಯುವುದನ್ನು ಕಂಡು ಇಡೀ ಬೀದಿ ಮೌನವಾಗಿ ದಾರಿ ಬಿಟ್ಟಿತು.

ಆಮೇಲೆ ಸೋದರಮಾವ ಬಂದರು. ನೇರವಾಗಿ ನನ್ನ ಮನೆಗೇ, ಬೆಳಗ್ಗೆ ಬೆಳಗ್ಗೆ, ಕೆಂಡ ಕಾರುತ್ತಾ. "ಒಬ್ಬಳೇ ಒಬ್ಬಳು ಸೋದರಸೊಸೆ, ಸತ್ತರೆ ಒಂದು ಮಾತು ತಿಳಿಸ್ಬಾರ್ದಾ? ನಾನೇನು ಸತ್ತೋಗಿದ್ನಾ? ಪೇಪರಲ್ಲಿ ಓದಿ ತಿಳ್ಕೋಬೇಕಾ?" ಎಂದು ಬಾಗಿಲಲ್ಲೇ ಕೂಗಾಡಿದರು. ಒಳಗಿನಿಂದ ಅಕ್ಕ ಬಂದಳು. ಮಾವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಸಿಟ್ಟು ಇಳಿಯಲಿಲ್ಲ. "ಹಾಗಾದ್ರೆ ಬದುಕಿರೋದನ್ನಾದ್ರೂ ತಿಳಿಸ್ಬೋದಿತ್ತಲ್ಲ!" ಎಂದರು.

ಅಕ್ಕ ಇದನ್ನೆಲ್ಲ ಸಹಿಸಿದಳು. ವಾರಕ್ಕೊಮ್ಮೆ ಭಾವನಿಗೆ ಫೋನ್ ಮಾಡಿ, "ಹೇಳಿದ್ರಾ?" ಎಂದು ಕೇಳುತ್ತಿದ್ದಳು. "ಮುಂದಿನ ವಾರ," ಎಂಬ ಉತ್ತರ ಬರುತ್ತಿತ್ತು. ಅವಳು ಫೋನ್ ಇಟ್ಟು ತನ್ನ ಕೋಣೆಗೆ ಹೋಗುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ನೋಡಿದಾಗ, ಅಕ್ಕ ದೀಪ ಹಾಕದೆ ಮಂಚದ ಮೇಲೆ ನೆಟ್ಟಗೆ ಕೂತಿದ್ದಳಂತೆ. "ಏನಕ್ಕಾ?" ಎಂದರೆ, "ಏನಿಲ್ಲ. ನಾನಿಲ್ಲದೆ ಅವರು ಇಷ್ಟು ಚೆನ್ನಾಗಿರ್ತಾರೆ ಅಂತ ಗೊತ್ತಿರ್ಲಿಲ್ಲ," ಎಂದಳಂತೆ.

ಪೆಟ್ಟು ಬಿದ್ದದ್ದು ಅವಳ ಕೆಲಸಕ್ಕೆ. ನಮ್ಮ ಊರಿನ ಮೊಳೆ ವ್ಯಾಪಾರಿಯೊಬ್ಬ ಕಿಲೋಗೆ ಎಂಬತ್ತು ಗ್ರಾಂ ಕಡಿಮೆ ತೂಗುವ ತಕ್ಕಡಿ ಇಟ್ಟಿದ್ದ. ಅಕ್ಕ ಅದನ್ನು ಜಪ್ತಿ ಮಾಡಿ ಮುದ್ರೆ ಒತ್ತಿದಳು. ಅವನು ವಕೀಲನನ್ನು ಇಟ್ಟ. ವಕೀಲ ಇಲಾಖೆಗೆ ಬರೆದ ಆಕ್ಷೇಪಣೆ ಒಂದೇ ಸಾಲಿನದು: ಪತ್ರಿಕಾ ವರದಿಯ ಪ್ರಕಾರ ಸದರಿ ಇನ್‌ಸ್ಪೆಕ್ಟರ್ ಜಪ್ತಿಯ ದಿನಕ್ಕೆ ಮುಂಚೆಯೇ ಮೃತಪಟ್ಟಿರುವುದರಿಂದ ಸದರಿ ಮುದ್ರೆ ಊರ್ಜಿತವಲ್ಲ. ಜೊತೆಗೆ ಪತ್ರಿಕೆಯ ತುಣುಕು, 'ಖಾಲಿ ದಿಂಬು' ಪೋಸ್ಟರಿನ ಪ್ರತಿ. ಪೋಸ್ಟರಿನಲ್ಲಿ ಬಿಳಿ ದಿಂಬಿನ ಮೇಲೆ, ಕಪ್ಪು ಚೌಕಟ್ಟಿನೊಳಗೆ, ಮದುವೆಯ ಆಲ್ಬಮ್ಮಿನಿಂದ ಕತ್ತರಿಸಿದ ನನ್ನ ಅಕ್ಕನ ಮುಖ.

ಇಲಾಖೆಯ ಮೇಲಧಿಕಾರಿ ಅಕ್ಕನನ್ನು ಕರೆಸಿದರು. "ನೋಡಮ್ಮಾ, ನನ್ನ ಕಣ್ಣಿಗೆ ನೀವು ಕಾಣಿಸ್ತಾ ಇದ್ದೀರಿ. ಆದ್ರೆ ಫೈಲಿಗೆ ಕಣ್ಣಿಲ್ಲ," ಎಂದರು. ವಿಚಾರಣೆ ಮುಗಿಯುವವರೆಗೆ ಮುದ್ರೆ ಒತ್ತಬೇಡಿ ಎಂದು ಹೇಳಿ, ಅವಳ ಮುದ್ರೆಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು.

ಅತ್ತ ತುಕ್ಕಿನೊಳಗೂ ತುಕ್ಕು ಹಿಡಿಯತೊಡಗಿತ್ತು. ಮೊದಲು ಮನಸ್ಸು ಕೆಟ್ಟವನು ವಿಮಾ ಏಜೆಂಟ್. ಬದುಕಿರುವವರನ್ನು ಸತ್ತರು ಎನ್ನುವುದು ಅವನ ವೃತ್ತಿಧರ್ಮಕ್ಕೆ ವಿರುದ್ಧ. ಅವನು ಬೇರೊಂದು ಪತ್ರಿಕೆಗೆ ಹೋಗಿ, "ಆಯಮ್ಮ ಬದುಕಿದ್ದಾರೆ, ನಾನೇ ಪಾಲಿಸಿ ಮಾಡಿಸಿದ್ದೀನಿ," ಎಂದುಬಿಟ್ಟ. ದೊಡ್ಡ ರಾದ್ಧಾಂತವಾಯಿತು. ದುಃಖದಲ್ಲಿರುವ ಗೆಳೆಯನ ಬೆನ್ನಿಗೆ ಚೂರಿ ಹಾಕಿದ ದ್ರೋಹಿ ಎಂದು ಅಭಿಮಾನಿಗಳು ಅವನ ಸ್ಕೂಟರನ್ನು ಚರಂಡಿಗೆ ಉರುಳಿಸಿದರು. ಒಂದು ಮಹಿಳಾ ಸಂಘ, ಸತ್ತ ಹೆಂಗಸಿನ ಚಾರಿತ್ರ್ಯಕ್ಕೆ ಮಸಿ ಬಳಿಯುವ ಯತ್ನ ಇದು ಎಂದು ಖಂಡಿಸಿತು. ಬದುಕಿರುವುದರಲ್ಲಿ ಚಾರಿತ್ರ್ಯಹೀನತೆ ಏನಿದೆ ಎಂದು ಯಾರೂ ಕೇಳಲಿಲ್ಲ. ಏಜೆಂಟ್ ಬ್ಯಾಂಡು ಬಿಟ್ಟ. ಅವನ ಜಾಗಕ್ಕೆ ಬಂದವನು ಚರ್ಮದ ಕೋಟು ಹಾಕುತ್ತಿದ್ದ, ಬಾರಿಸಲು ಬರುತ್ತಿರಲಿಲ್ಲ.

ಆಮೇಲೆ ವೆಲ್ಡರ್. ಅವನ ನೋವು ಶುದ್ಧ ಸಂಗೀತದ್ದು. "ಮೊದಲು ನನ್ನ ಗಿಟಾರ್ ಸೋಲೋ ಎರಡು ನಿಮಿಷ ಇತ್ತು," ಎಂದು ಅವನು ಗೋದಾಮಿನಲ್ಲಿ ಕೂಗಾಡಿದ. "ಈಗ ಇವರ ಅಳು ಎರಡು ನಿಮಿಷ, ನನ್ನ ಸೋಲೋ ಹದಿನಾರು ಸೆಕೆಂಡು! ಕಬ್ಬಿಣ ಕರಗಿಸೋ ಕೈಯಪ್ಪಾ ಇದು!" ಗಿಟಾರನ್ನು ಹೆಗಲಿಗೇರಿಸಿ ಹೋಗಿ 'ಅಸಲಿ ತುಕ್ಕು' ಎಂಬ ಬೇರೆ ಬ್ಯಾಂಡು ಕಟ್ಟಿದ. ಹೆಸರು ಯಾರದು ಎಂಬ ಜಗಳ ನೋಟೀಸುಗಳಿಗೆ ಹೋಯಿತು. ಒಂದೇ ಊರಲ್ಲಿ ಎರಡು ತುಕ್ಕು. ಒಬ್ಬರ ಪೋಸ್ಟರಿನ ಮೇಲೆ ಇನ್ನೊಬ್ಬರು ಪೋಸ್ಟರು ಅಂಟಿಸುತ್ತಿದ್ದರು. ನಡುವೆ ಅಕ್ಕನ ಮುಖ ಅರ್ಧರ್ಧ ಕಾಣುತ್ತಿತ್ತು.

ಇಷ್ಟರಲ್ಲಿ ಇನ್ನೊಂದು ಅನಾಹುತ. ಹಾಡು ಕೇಳಿ ಕರಗಿದ ಒಬ್ಬ ಡಾಕ್ಟರು, ಭಾವ ಕುಂಟುವುದನ್ನು ನೋಡಿ ತಾವಾಗಿಯೇ ಮಾತ್ರೆ ಕೊಟ್ಟರು. ಹನ್ನೆರಡು ದಿನದಲ್ಲಿ ಗೌಟ್ ಇಳಿಯಿತು. ಭಾವನ ಕಣ್ಣು ಒಣಗಿ ಬೆಂಗಾಡಾಯಿತು. ಸಾಹುಕಾರ ತಲೆಯ ಮೇಲೆ ಕೈ ಹೊತ್ತು ಕೂತ. "ಸ್ವಲ್ಪ ನೆನೆಸ್ಕೊಳ್ಳಿ ಸಾರ್," ಎಂದ ಗಂಟಲು. "ಯಾರನ್ನ?" ಎಂದರು ಭಾವ. ಕೊನೆಗೆ ತಲೆನೋವಿನ ಮುಲಾಮನ್ನು ಕಣ್ಣಿನ ಕೆಳಗೆ ಸವರುವುದೆಂದು ತೀರ್ಮಾನವಾಯಿತು.

ವರ್ಗಾವಣೆಯಾಗಿ ಏಳು ತಿಂಗಳಾದಾಗ, ಭಾವನ ಊರಿನ ದೊಡ್ಡ ಕ್ರೀಡಾಂಗಣದಲ್ಲಿ ತುಕ್ಕಿನ ಕಾರ್ಯಕ್ರಮ ಎಂದು ಗೋಡೆ ಗೋಡೆಯ ಮೇಲೂ ಬಂತು. ಅಕ್ಕ ಅಂದು ಅರ್ಧ ದಿನ ರಜೆ ಹಾಕಿದಳು. "ನಡಿ, ನನ್ನ ಕಾರ್ಯಕ್ರಮ ನೋಡ್ಕೊಂಡು ಬರೋಣ," ಎಂದಳು. ಅವಳು ನಗುತ್ತಿದ್ದಾಳೋ ಇಲ್ಲವೋ ಎಂದು ನನಗೆ ತಿಳಿಯಲಿಲ್ಲ.

ಹನ್ನೊಂದು ಸಾವಿರ ಜನ. ವೇದಿಕೆಯ ಮೇಲೆ ಮನೆಯಷ್ಟು ಎತ್ತರದ ಬಟ್ಟೆಯ ದಿಂಬು, ಅದರ ಮೇಲೆ ಅಕ್ಕ. ಗಂಟಲು ಮೈಕಿಗೆ ಬಂದು ಬಸ್ ನಿಲ್ದಾಣದ ಧ್ವನಿಯಲ್ಲಿ, "ಅಗಲಿದ ಅತ್ತಿಗೆಯವರ ಗೌರವಾರ್ಥ ಎಲ್ಲರೂ ದಯವಿಟ್ಟು ಎದ್ದು ಎರಡು ನಿಮಿಷ ಮೌನ ಆಚರಿಸಬೇಕು," ಎಂದ. ಹನ್ನೊಂದು ಸಾವಿರ ಜನ ಎದ್ದರು. ನಾನು ಅಕ್ಕನನ್ನು ನೋಡಿದೆ. ಅವಳೂ ಎದ್ದಳು. ಕೈಚೀಲವನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ತನಗಾಗಿ ತಾನೇ ಎರಡು ನಿಮಿಷ ನಿಂತಳು. ಕೂತ ಮೇಲೆ ಕೈಗಡಿಯಾರ ನೋಡಿ, "ಒಂದು ನಿಮಿಷ ನಲವತ್ತು ಸೆಕೆಂಡ್," ಎಂದು ಮೆಲ್ಲಗೆ ಹೇಳಿದಳು.

ಹಾಡು ಶುರುವಾಯಿತು. ಭಾವನ ಕಣ್ಣೀರು ದೊಡ್ಡ ಪರದೆಯ ಮೇಲೆ ಧಾರಾಕಾರ. ಪಕ್ಕದ ಸೀಟಿನ ಹುಡುಗಿ ಅಕ್ಕನಿಗೆ ಕರವಸ್ತ್ರ ಚಾಚಿದಳು.

"ಆಂಟಿ, ನಿಮಗೆ ಅವರ ಪರಿಚಯ ಇತ್ತಾ?"

"ಸ್ವಲ್ಪ ಇತ್ತು," ಎಂದಳು ಅಕ್ಕ.

"ಎಷ್ಟು ಪುಣ್ಯ ಮಾಡಿದ್ರೋ ಅಲ್ವಾ, ಇಷ್ಟು ಪ್ರೀತಿಸೋ ಗಂಡ ಸಿಗೋಕೆ?"

ಅಕ್ಕ ಕರವಸ್ತ್ರವನ್ನು ಮಡಿಸಿ ವಾಪಸ್ಸು ಕೊಟ್ಟಳು.

ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆವು. ಕಾವಲಿನವನು ತಡೆದ. "ನಾನು ಅವರ ಹೆಂಡತಿ," ಎಂದಳು ಅಕ್ಕ. "ಇವತ್ತು ನೀವು ಮೂರನೆಯವರು," ಎಂದ ಅವನು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು ಭಾವ ಹೊರಬಂದರು. ಸುತ್ತ ಕ್ಯಾಮೆರಾಗಳು, ಮೈಕುಗಳು, ಸಾಹುಕಾರ. ಭಾವನ ಕಣ್ಣು ಅಕ್ಕನ ಮೇಲೆ ಬಿತ್ತು. ಮುಖ ಅವರು ಮಾಡುವ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು.

ಒಬ್ಬ ಟೀವಿ ವರದಿಗಾರ್ತಿ ಒಮ್ಮೆ ಗೋಡೆಯ ಮೇಲಿನ ಪೋಸ್ಟರನ್ನು, ಒಮ್ಮೆ ಅಕ್ಕನನ್ನು ನೋಡಿದಳು. "ಸಾರ್, ಇವರು ಯಾರು? ಅದೇ ಮುಖ ಇದೆಯಲ್ಲ!"

ಸಾಹುಕಾರ ಹಿಂದಿನಿಂದ ಭಾವನ ಅಂಗಿ ಹಿಡಿದುಕೊಂಡ. ಭಾವ ಒಂದು ಸಲ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಇವರು... ನನ್ನ ಹೆಂಡ್ತಿ... ತಂಗಿ," ಎಂದರು. "ನಾದಿನಿ. ಹೋಲಿಕೆ ಇದೆ ಅಲ್ವಾ?"

ಮೈಕು ಅಕ್ಕನ ಕಡೆ ತಿರುಗಿತು. "ಅಕ್ಕನ ಬಗ್ಗೆ ಎರಡು ಮಾತು ಹೇಳಿ ಮೇಡಂ."

ಅಕ್ಕ ಒಂದು ಕ್ಷಣ ಭಾವನನ್ನೇ ನೋಡಿದಳು. ಮುಲಾಮಿನ ವಾಸನೆ ನನಗೇ ಮೂಗಿಗೆ ಬಡಿಯುತ್ತಿತ್ತು. ಅವಳಿಗೆ ಬಡಿಯದೆ ಇದ್ದೀತೇ.

"ಒಳ್ಳೆಯವಳು," ಎಂದಳು. "ಸ್ವಲ್ಪ ಬಿಗಿ. ಆದ್ರೆ ಈ ಮನುಷ್ಯ ಯಾವತ್ತೂ ಸುಳ್ಳು ಹೇಳಲ್ಲ ಅಂತ ನಂಬಿದ್ಲು. ಪಾಪ, ಹಾಗೇ ಹೋದ್ಲು."

ನನ್ನ ತೋಳು ಹಿಡಿದು ತಿರುಗಿದಳು. ನಾವು ಗೇಟು ದಾಟುವವರೆಗೂ ಹಿಂದಿನಿಂದ ಚಪ್ಪಾಳೆ ಕೇಳಿಸುತ್ತಿತ್ತು. ಅವಳು ವಾರಕ್ಕೊಮ್ಮೆ ಮಾಡುತ್ತಿದ್ದ ಫೋನು ಅಂದಿನಿಂದ ನಿಂತಿತು.

ಮುಂದಿನ ಕಾರ್ಯಕ್ರಮದಲ್ಲಿ ಭಾವ ಮುಲಾಮು ಹಚ್ಚಲು ಬಿಡಲಿಲ್ಲವಂತೆ. ಬೇಕಾಗಲಿಲ್ಲವಂತೆ. ಆದರೆ ನಿಜವಾದ ಅಳುವಿಗೆ ನೋಡಲು ಒಂದು ಅಂದವಿರುವುದಿಲ್ಲ. ಮೂಗು ಸುರಿಯಿತು. ಬಿಕ್ಕಳಿಕೆ ಹತ್ತಿತು. ತಾಳ ತಪ್ಪಿತು. 'ಖಾಲಿ ದಿಂಬಿ'ನ ಮಧ್ಯೆ ಕೋಲು ಕೆಳಗಿಟ್ಟು ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಗಂಟಲು ಒಬ್ಬನೇ ಕಿರುಚಿ ಮುಗಿಸಿದ. "ಓವರ್ ಆಕ್ಟಿಂಗ್!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಮೂರು ಕಾರ್ಯಕ್ರಮ ಹೀಗೇ ಆಯಿತು. ಪತ್ರಿಕೆಗಳು, ಮೊದಲಿನ ಪ್ರಾಮಾಣಿಕತೆ ಕಾಣೆಯಾಗಿದೆ ಎಂದು ಬರೆದವು. ನಾಲ್ಕನೆಯದಕ್ಕೆ ಮೊದಲು ಸಾಹುಕಾರ ಭಾವನನ್ನು ಒಂದು ಹೊಸ ಹಾಸಿಗೆಯ ಮೇಲೆ ಕೂರಿಸಿ, ಬಹಳ ಮರ್ಯಾದೆಯಿಂದ ತೆಗೆದುಹಾಕಿದ. ಆರನೇ ಡ್ರಮ್ಮರ್ ಇಪ್ಪತ್ತೆರಡರ ಅವಿವಾಹಿತ. ಎರಡು ಕಣ್ಣಿನಿಂದಲೂ ಒಂದೊಂದೇ ಹನಿ, ತಾಳಕ್ಕೆ ಸರಿಯಾಗಿ ಬೀಳುತ್ತಿತ್ತಂತೆ.

ಮೊಳೆ ವ್ಯಾಪಾರಿಯ ವಿಚಾರಣೆ ಬಂದದ್ದು ಅದಾದ ಮೇಲೆ. ಭಾವನಿಗೆ ತಿಳಿಸಿದ್ದು ನಾನು. ಅಕ್ಕ ತಿಳಿಸು ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಹತ್ತು ಗಂಟೆಯ ವಿಚಾರಣೆಗೆ ಭಾವ ಎಂಟಕ್ಕೇ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ಅಕ್ಕ ಅವರನ್ನು ದಾಟಿಕೊಂಡು ಒಳಗೆ ಹೋದಳು.

ವಿಚಾರಣಾಧಿಕಾರಿಗಳು ಇನ್ನೇನು ಶುರು ಮಾಡಬೇಕು, ಅವರ ಫೋನ್ 'ಖಾಲಿ ದಿಂಬು' ಎಂದು ಕಿರುಚಿತು. ಅದನ್ನು ಆರಿಸಿ, ಭಾರವಾದ ಮುಖದಿಂದ ಭಾವನನ್ನು ನೋಡಿದರು.

"ಹೇಳಿ. ಇವರು ಯಾರು?"

"ನನ್ನ ಹೆಂಡ್ತಿ ಸಾರ್."

"ತೀರಿಕೊಂಡವರೋ, ಎರಡನೆಯವರೋ?"

"ಇರೋದೇ ಒಬ್ಬಳು ಸಾರ್. ತೀರಿಕೊಂಡಿಲ್ಲ. ವರ್ಗ ಆಗಿತ್ತು."

"ಟೀವಿಯಲ್ಲಿ ನಾದಿನಿ ಅಂದ್ರಲ್ಲ?" ಎಂದು ವಕೀಲ ಹಾರಿಬಿದ್ದ.

"ಸುಳ್ಳು ಹೇಳ್ದೆ."

"ಮತ್ತೆ ಆ ಕಣ್ಣೀರು?"

"ಮೊದ್ಲು ಕಾಲು ನೋವಿಗೆ. ಆಮೇಲೆ ಮುಲಾಮಿಗೆ."

ಅಧಿಕಾರಿಗಳ ಮುಖ ಚಿಕ್ಕದಾಯಿತು. ಅವರೂ ಆ ಹಾಡಿಗೆ ಅತ್ತಿದ್ದರೆಂದು ಕಾಣುತ್ತದೆ. "ಯಾಕ್ರೀ ಹೀಗೆ ಮಾಡಿದ್ರಿ?" ಎಂದು ಕೇಳಿದರು. ಅದು ವಿಚಾರಣೆಯ ಪ್ರಶ್ನೆಯಂತೆ ಇರಲಿಲ್ಲ.

ಭಾವ ತಮ್ಮ ಕೈಗಳನ್ನು ನೋಡಿಕೊಂಡರು. "ಜನ ಎದ್ದು ನಿಲ್ತಾ ಇದ್ರು ಸಾರ್," ಎಂದರು. "ನಾನು ಬಂದ್ರೆ ಯಾವತ್ತೂ ಯಾರೂ ಎದ್ದು ನಿಂತಿರ್ಲಿಲ್ಲ."

ವಕೀಲ ಬಿಡಲಿಲ್ಲ. ಈ ಸಾಕ್ಷಿ ತಾನೇ ಒಪ್ಪಿಕೊಂಡಂತೆ ಸುಳ್ಳುಗಾರ. ಸುಳ್ಳುಗಾರನ ಮಾತಿನ ಮೇಲೆ ಈ ಹೆಂಗಸನ್ನು ಆ ಹೆಂಗಸೆಂದು ಹೇಗೆ ನಂಬುವುದು ಎಂದು ವಾದಿಸಿದ. ಅಧಿಕಾರಿಗಳಿಗೆ ಅದೂ ಸರಿ ಅನ್ನಿಸಿತು. ಅಕ್ಕನ ಕಡೆ ತಿರುಗಿದರು.

"ನೀವೇ ಹೇಳಿ ಮೇಡಂ. ಈ ವ್ಯಕ್ತಿ ನಿಮ್ಮ ಗಂಡನೇ?"

ಫ್ಯಾನು ತಿರುಗುತ್ತಿತ್ತು. ಗುಮಾಸ್ತ ಪೆನ್ನು ಎತ್ತಿ ಕಾದ. ಮೊಳೆ ವ್ಯಾಪಾರಿ ಆಸೆಯಿಂದ ಮುಂದಕ್ಕೆ ಬಾಗಿದ. ಭಾವ ತಲೆ ಎತ್ತಲೇ ಇಲ್ಲ. ಅಕ್ಕ ಅವರನ್ನು ಒಂದು ಸಲ ನೋಡಿದಳು. ಎರಡನೇ ಸಲ ನೋಡಿದಳು.

"ದಾಖಲೆ ಪ್ರಕಾರ, ಹೌದು," ಎಂದಳು.

ಮೊಳೆ ವ್ಯಾಪಾರಿ ಸೋತ. ಅಕ್ಕನ ಮುದ್ರೆ ಬೀರುವಿನಿಂದ ಹೊರಬಂತು. ಮಾರನೇ ದಿನದ ಪತ್ರಿಕೆಯಲ್ಲಿ 'ಡ್ರಮ್ಮರನ ಮಹಾವಂಚನೆ' ಎಂದು ಬಂತು. ಭಾವನ ನೆಲಮಾಳಿಗೆಯ ಕಿಟಕಿಗೆ ಯಾರೋ ಕಲ್ಲು ಹೊಡೆದು ಹನ್ನೊಂದು ದವಡೆ ಒಡೆದರು. ತುಕ್ಕು ಈಗಲೂ ಇದೆ. ಮೊನ್ನೆ ಗಂಟಲೂ ಬಿಟ್ಟನಂತೆ. ಮೊದಲಿನವರು ಯಾರೂ ಇಲ್ಲ, ಹಾಸಿಗೆಗಳು ಮಾತ್ರ ಅವೇ.

ಅಂದು ಕಚೇರಿಯ ಮೆಟ್ಟಿಲಿಳಿಯುವಾಗ ಭಾವ ಹಿಂದಿನಿಂದ ಬಂದು, "ಮನೆಗೆ ಬರ್ತೀಯಾ?" ಎಂದು ಕೇಳಿದ್ದರು.

"ಇಲ್ಲಿಯ ಅವಧಿ ಮೂರು ವರ್ಷ," ಎಂದಿದ್ದಳು ಅಕ್ಕ, ನಿಲ್ಲದೆ. "ಇನ್ನೂ ಎರಡು ವರ್ಷ ಮೂರು ತಿಂಗಳಿದೆ. ಯೋಚನೆ ಮಾಡೋಕೆ ಟೈಮಿದೆ."

ಅಂದಿನಿಂದ ಭಾವ ಪ್ರತಿ ಭಾನುವಾರ ಮಧ್ಯಾಹ್ನದ ರೈಲಿಗೆ ಬರುತ್ತಾರೆ. ನಮ್ಮ ಹಜಾರದ ಗೋಡೆಯ ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಮೊದಲ ಏಳೆಂಟು ವಾರ ಅಕ್ಕ ಕೋಣೆಯಿಂದ ಹೊರಗೇ ಬರಲಿಲ್ಲ. ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಭಾವನ ಎದುರು ಕೂತು, ಈ ವರ್ಷ ಸೆಖೆ ಜಾಸ್ತಿ ಎಂದು ಹೇಳುತ್ತಿದ್ದೆವು. ಆಮೇಲಾಮೇಲೆ ಅವಳು ಬಂದು, ಅವರ ಕಡೆ ಬೆನ್ನು ಮಾಡಿ ಕೂತು ಕಡತ ನೋಡತೊಡಗಿದಳು. ಮಾತಿಲ್ಲ.

ಕಳೆದ ಭಾನುವಾರ ಸಂಜೆ ಭಾವ ಎಂದಿನಂತೆ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅಕ್ಕ ಕಡತದಿಂದ ತಲೆ ಎತ್ತಲಿಲ್ಲ.

"ರೈಲು ಎಷ್ಟು ಗಂಟೆಗೆ?" ಎಂದಳು.

ಯಾರನ್ನು ಕೇಳುತ್ತಿದ್ದಾಳೆ ಎಂದು ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಏಳು ಹತ್ತಕ್ಕೆ," ಎಂದರು ಭಾವ.

"ಅದು ಯಾವತ್ತು ಟೈಮಿಗೆ ಬಂದಿದೆ?" ಎಂದು ಅಕ್ಕ ಪುಟ ತಿರುವಿದಳು. "ಇನ್ನೊಂದು ಹತ್ತು ನಿಮಿಷ ಕೂತಿರಿ."

ಭಾವ ಕೂತರು. ಒಂದು ಕಾಲಿಗೆ ಚಪ್ಪಲಿ ಹಾಕಿಯಾಗಿತ್ತು. ಅದನ್ನು ತೆಗೆಯಬೇಕೋ, ಇನ್ನೊಂದನ್ನು ಹಾಕಬೇಕೋ ತಿಳಿಯದೆ ಹಾಗೇ ಕೂತಿದ್ದರು. ಹತ್ತು ನಿಮಿಷ ಅವರು ಮಿಸುಕಲಿಲ್ಲ.